ನಡುವಿನ ಕುರ್ಚಿ

…ಇಲ್ಲ, ನಿಜವಾಗ್ಲೂ ಗುರುತು ಹಿಡೀಲಿಲ್ಲ ಕಣೋ. ಈ ಸಭೆ ಹಾಲ್ ಬಾಗಿಲಲ್ಲಿ ಯಾರೋ ಮುದುಕ, ಕೈಯಲ್ಲಿ ನಮ್ಮ ಕರಪತ್ರ, ನನ್ನನ್ನೇ ನೋಡ್ತಾ ನಿಂತಿದಾನೆ. ಯಾವುದೋ ಪಕ್ಷದವನು ಇರ್ಬೇಕು ಅಂದ್ಕೊಂಡೆ. ಆಮೇಲೆ ಆ ಎಡಗಡೆ ಹುಬ್ಬಿನ ಗಾಯದ ಕಲೆ ಕಾಣಿಸ್ತು ನೋಡು… ಜಾರ್ಲತ್ ಮ್ಯಾನಿಯನ್. ಮೂವತ್ತೊಂಬತ್ತು ವರ್ಷ ಆಯ್ತು ಅಲ್ವಾ? ಮೂವತ್ತೊಂಬತ್ತು. ಕೂತ್ಕೋ, ಕೂತ್ಕೋ. ಅಡಿಗೆಮನೇಲಿ ಕೂರಿಸಿದೆ ಅಂತ ಬೇಜಾರು ಮಾಡ್ಕೋಬೇಡ. ಆ ಕಡೆ ಹಾಲಲ್ಲಿ ಜನ ಆಗ್ಲೇ ತುಂಬ್ತಾ ಇದಾರೆ. ಪೂಜೆ ಮುಗಿಸಿ ಚರ್ಚಿಂದ ನೆಟ್ಟಗೆ ಇಲ್ಲಿಗೇ ಬಂದಿದಾರೆ, ಮನೆಗೆ ಹೋಗಿ ಊಟ ಕೂಡ ಮಾಡಿಲ್ಲ. ನನಗೆ ಇನ್ನೂ ಅರ್ಧ ಗಂಟೆ ಇದೆ. ಟೀ ಕುಡಿ.

ಸಕ್ಕರೆ? ಬೇಡ್ವಾ. ಸರಿ.

ಕವೆಂಟ್ರಿಯಲ್ಲೇ ಇದೀಯಾ ಇನ್ನೂ? ಅಲ್ಲೇ ಅಂತ ಯಾರೋ ಅಂದಿದ್ರು. ಕಟ್ಟಡದ ಕೆಲಸ ಅಂದಿದ್ರು. ನಾನು ಬರೀಬೇಕು ಅಂತ ಎಷ್ಟೋ ಸಲ… ಬಿಡು. ಬರೀಲಿಲ್ಲ.

ನೋಡು, ಈ ಸಭೆ ವಿಷಯ ನಿನಗೆ ಗೊತ್ತೋ ಇಲ್ವೋ. ಇಂಗ್ಲೆಂಡಲ್ಲಿ ಕೂತೋರಿಗೆ ನಮ್ಮ ಐರ್ಲೆಂಡಿನ ಈ ಜಗಳ ಏನು ಗೊತ್ತಾಗುತ್ತೆ. ಮೂರು ಬೀಗ ಅಂತಾರೆ ನಮ್ಮಲ್ಲಿ. ಹನ್ನೆರಡಕ್ಕಿಂತ ಹೆಚ್ಚು ಸೈನಿಕರನ್ನ ಹೊರದೇಶಕ್ಕೆ ಕಳಿಸ್ಬೇಕು ಅಂದ್ರೆ ಮೂರು ಜನ ಹೂಂ ಅನ್ಬೇಕು. ಸರ್ಕಾರ ಹೂಂ ಅನ್ಬೇಕು, ಪಾರ್ಲಿಮೆಂಟು ಹೂಂ ಅನ್ಬೇಕು, ವಿಶ್ವಸಂಸ್ಥೆ ಹೂಂ ಅನ್ಬೇಕು. ಈಗ ಆ ಮೂರನೇ ಬೀಗ ಕಿತ್ತಾಕ್ತೀವಿ ಅಂತ ಹೊರಟಿದಾರೆ. ಕಿತ್ರೆ ನಾವು ಯಾರ ಕಡೆಗೂ ಸೇರದ ದೇಶ ಅನ್ನೋದೇ ಹೋಗುತ್ತೆ, ನಾಳೆ ದೊಡ್ಡೋರ ಯುದ್ಧಕ್ಕೆ ನಮ್ಮ ಮಕ್ಕಳನ್ನ ಎಳ್ಕೊಂಡು ಹೋಗ್ತಾರೆ ಅಂತ ಒಬ್ರು. ಕೀಳದೇ ಇದ್ರೆ ನಾವು ಎಲ್ಲಿ ಶಾಂತಿ ಕಾಯ್ಬೇಕು ಅಂತ ವಿಶ್ವಸಂಸ್ಥೇಲಿ ಕೂತ ಯಾವುದೋ ದೊಡ್ಡ ದೇಶದೋನೊಬ್ಬ ಕೈ ಅಡ್ಡ ಹಿಡಿದು ತೀರ್ಮಾನ ಮಾಡ್ತಾನೆ ಅಂತ ಇನ್ನೊಬ್ರು. ಒಂದು ವರ್ಷದಿಂದ ಇದೇ. ಪಬ್ಬಲ್ಲಿ ಇದೇ, ಹಾಲಿನ ಡೈರೀಲಿ ಇದೇ, ಸತ್ತವರ ಮನೆಗೆ ಹೋದ್ರೂ ಇದೇ. ಸಾಕಾಗಿಹೋಗಿದೆ ನನಗೆ.

ಇಬ್ರೂ ನನ್ನ ಮನೆಗೆ ಬಂದ್ರು ಕಣೋ. ಮೊದಲು ಪೀಡರ್ ಟ್ವೊಮಿ, ನಮ್ಮ ಕೌನ್ಸಿಲರು, ಬೀಗ ಕೀಳೋ ಕಡೆಯವನು. ಬಿಸ್ಕತ್ತಿನ ಡಬ್ಬ ಹಿಡ್ಕೊಂಡು ಬಂದ. ಮಾರನೇ ದಿನ ನೋರೀನ್ ಲ್ಯಾಲಿ, ರಿಟೈರಾದ ಟೀಚರು, ಬೀಗ ಉಳಿಸೋ ಕಡೆಯವಳು. ಅವಳು ಮನೇಲೇ ಮಾಡಿದ ದ್ರಾಕ್ಷಿ ಬ್ರೆಡ್ಡು ತಂದ್ಲು. ಇಬ್ರಿಗೂ ಬೇಕಾಗಿದ್ದು ಒಂದೇ. ಲೆಬನಾನಲ್ಲಿ ಶಾಂತಿ ಕಾಯೋಕೆ ವಿಶ್ವಸಂಸ್ಥೆಯ ನೀಲಿ ಟೋಪಿ ಹಾಕ್ಕೊಂಡು ನಿಂತಿದ್ದ ಈ ಫರ್ಗಸ್ ಕೀವನಿ ಬೇಕು, ಅವನ ಬ್ರೆಡ್ಡು ಸುಡೋನ ಕಥೆ ಬೇಕು. ನಾನು ಇಬ್ರಿಗೂ ಆಗಲಿ ಅಂದೆ. ಇಲ್ಲ ಅನ್ನೋಕೂ ಶಕ್ತಿ ಬೇಕಲ್ಲ. ಅದಕ್ಕೇ ಇವತ್ತು ಸ್ಟೇಜ್ ಮೇಲೆ ಆ ಕಡೆ ನಾಲ್ಕು ಕುರ್ಚಿ, ಈ ಕಡೆ ನಾಲ್ಕು ಕುರ್ಚಿ, ಮಧ್ಯದಲ್ಲಿ ಒಂದೇ ಒಂದು. ಅದು ನಂದು. ಪೀಡರ್ ಅದಕ್ಕೆ ತಟಸ್ಥರ ಕುರ್ಚಿ ಅಂತ ಹೆಸರಿಟ್ಟಿದಾನೆ. ತಮಾಷೆ ಅಂತೆ.

ನೀನು ನಗಲಿಲ್ಲ. ಸರಿ, ಅದೇನು ಅಷ್ಟು ನಗೋಂಥದ್ದಲ್ಲ.

ಆ ಕರಪತ್ರ ನಿನ್ನ ಕೈಗೆ ಹೇಗೆ ಸಿಕ್ತು? ತಂಗಿ ಮಗಳು ಕಳಿಸಿದ್ಲಾ? ಹೌದಾ. ಒಂದು ಕರಪತ್ರಕ್ಕೋಸ್ಕರ ಸಮುದ್ರ ದಾಟಿ ಬಂದ್ಯಾ ನೀನು… ಇಡು, ಮೇಜಿನ ಮೇಲಿಡು. ನಾನೇ ಬರೆದಿದ್ದಲ್ಲ ಅದು. ಪೀಡರ್ ಬರೆದಿದ್ದು. ನೋರೀನಳದ್ದು ಬೇರೆ ಇದೆ, ಹಸಿರು ಕಾಗದದ್ದು. ಕಥೆ ಒಂದೇ, ತೀರ್ಪು ಬೇರೆ. ಒಬ್ಬ ಮನುಷ್ಯನ ಜೀವ ಉಳಿಸೋಕೆ ನಮ್ಮ ಕಾರ್ಪೊರಲ್ ಕೀವನಿ ಯಾರ ಅಪ್ಪಣೆಗೂ ಕಾಯಲಿಲ್ಲ ಅಂತ ಪೀಡರ್ ಬರೆದಿದಾನೆ. ಯಾರ ಕಡೆಗೂ ಸೇರದ ದೇಶದ ಟೋಪಿ ಅವನ ತಲೆ ಮೇಲಿತ್ತು, ಅದಕ್ಕೇ ಬಂದೂಕಿನೋರು ಅವನ ಮಾತು ಕೇಳಿದ್ರು ಅಂತ ನೋರೀನ್ ಬರೆದಿದಾಳೆ. ಇಬ್ರೂ ಚೆನ್ನಾಗೇ ಬರೆದಿದಾರೆ.

ಓದ್ತೀಯಾ? ಓದಿದೀಯಲ್ಲ ಆಗ್ಲೇ. ನಾನೇ ಹೇಳ್ತೀನಿ ಹಾಗಾದ್ರೆ, ಸ್ಟೇಜ್ ಮೇಲೆ ಹೇಗೆ ಹೇಳ್ತೀನೋ ಹಾಗೇ. ಒಂದ್ಸಲ ಬಾಯಿಪಾಠ ಆದ ಹಾಗೂ ಆಗುತ್ತೆ.

ಬೆಟ್ಟದ ಊರು, ಊರಾಚೆ ನಮ್ಮ ತಪಾಸಣೆ ಕಟ್ಟೆ, ರಸ್ತೆಗೆ ಅಡ್ಡ ಕೆಂಪು ಬಿಳಿ ಬಣ್ಣದ ಕಂಬ. ಊರಲ್ಲಿ ಮುನೀಫ್ ಅಂತ ಬ್ರೆಡ್ಡು ಸುಡೋನು. ದಿನಾ ಬೆಳಿಗ್ಗೆ ಆರೂವರೆಗೆ ಸೈಕಲ್ ತುಳ್ಕೊಂಡು ಬಂದು ನಮಗೆ ಬಿಸಿ ರೊಟ್ಟಿ ಕೊಡೋನು, ಮೇಲೆ ಎಳ್ಳು, ಎಣ್ಣೆ, ಅದೇನೋ ಸೊಪ್ಪಿನ ಪುಡಿ… ಇವತ್ತಿಗೂ ಆ ವಾಸನೆ ಬಂದ್ರೆ ನನಗೆ ಹೊಟ್ಟೆ ಹಸಿಯುತ್ತೆ, ತಿನ್ನೋಕಾಗಲ್ಲ. ಒಂದು ಬೆಳಿಗ್ಗೆ ಸೈಕಲ್ ಬರಲಿಲ್ಲ. ಎಂಟು ಗಂಟೆಗೆ ಒಂದು ಬಿಳಿ ಮರ್ಸಿಡಿಸ್, ಹಿಂದೆ ಒಂದು ಪಿಕಪ್ಪು. ಅದ್ರಲ್ಲಿ ಅಲ್ಲಿನ ಒಂದು ಗುಂಪಿನ ಬಂದೂಕಿನೋರು. ಕಾರಿನ ಹಿಂದಿನ ಸೀಟಲ್ಲಿ ಮುನೀಫ್, ಕೈ ಕಟ್ಟಿದಾರೆ. ತೋಳಿಗೆ ಹಿಟ್ಟು ಇನ್ನೂ ಅಂಟ್ಕೊಂಡಿತ್ತು. ಅವರ ಶತ್ರುಗಳಿಗೆ ಸುದ್ದಿ ಕೊಟ್ಟ ಅಂತ ಆಪಾದನೆ. ಕಾರ್ಪೊರಲ್ ಕೀವನಿ ಕಂಬದ ಮುಂದೆ ಬಂದು ಕೈ ಕಟ್ಟಿ ನಿಂತ. ಬಂದೂಕು ಎತ್ತಲಿಲ್ಲ. ಈ ರಸ್ತೆ ನಿಮ್ಮದೂ ಅಲ್ಲ ನಮ್ಮದೂ ಅಲ್ಲ, ಆ ಮನುಷ್ಯನ್ನ ಇಳಿಸಿ ಹೋಗಿ ಅಂದ. ಇಪ್ಪತ್ತು ನಿಮಿಷ. ಕೊನೆಗೆ ಅವರೇ ಸೋತು ಅವನನ್ನ ಇಳಿಸಿ ಗಾಡಿ ತಿರುಗಿಸ್ಕೊಂಡು ಹೋದ್ರು. ಮಾರನೇ ದಿನ ಆರೂವರೆಗೆ ಮತ್ತೆ ಸೈಕಲ್ಲು, ಮತ್ತೆ ರೊಟ್ಟಿ.

ಯಾಕೆ ನಗ್ತೀಯ?

ಅಲ್ಲ, ಅದು ನಗು ಅಲ್ಲ ಅಂತ ಗೊತ್ತು ನನಗೆ.

ಬೆರಳು ತೆಗಿ ಕರಪತ್ರದ ಆ ಸಾಲಿನ ಮೇಲಿಂದ. ಕಾಣ್ತಾ ಇದೆ. ಕನ್ನಡಕ ಇಲ್ದೇನೂ ಕಾಣುತ್ತೆ. ಮಾರನೇ ದಿನ ಮತ್ತೆ ರೊಟ್ಟಿ… ಆಯ್ತು. ಆಯ್ತಪ್ಪ. ಬರಲಿಲ್ಲ ರೊಟ್ಟಿ. ಅವನನ್ನ ಇಳಿಸ್ಲಿಲ್ಲ. ನಿನಗೆ ಹೊಸದಾಗಿ ಹೇಳೋದೇನಿದೆ, ನೀನೂ ಅಲ್ಲೇ ಇದ್ದೆಯಲ್ಲ. ಕಂಬ ಎತ್ತಿದ್ವಿ, ಹೋದ್ರು. ನಾಲ್ಕು ದಿನ ಆದ್ಮೇಲೆ ಕೆಳಗಿನ ಕಣಿವೇಲಿ ಹೆಣವಾಗಿ ಸಿಕ್ಕಿದ. ಅವನ ಹೆಂಡ್ತಿ ನಮ್ಮ ಕಟ್ಟೆ ಮುಂದೆ ಬಂದು ನಿಂತಿದ್ಲು. ಬೈಲಿಲ್ಲ, ಕಲ್ಲು ಹೊಡೀಲಿಲ್ಲ. ನಿಂತಿದ್ಲು ಅಷ್ಟೆ, ಮಧ್ಯಾಹ್ನದ ತನಕ.

ಕೇಳು. ನಾನು ಬೇಕು ಅಂತ ಕಟ್ಟಿದ ಸುಳ್ಳಲ್ಲ ಅದು. ಗ್ರಾನ್ಯಾ ಗೊತ್ತಲ್ಲ… ನಿನಗೆಲ್ಲಿ ಗೊತ್ತು, ನನ್ನ ಮಗಳು. ನಾನು ವಾಪಸ್ ಬಂದು ಎಷ್ಟೋ ವರ್ಷ ಆದ್ಮೇಲೆ ಹುಟ್ಟಿದೋಳು, ಆರು ವರ್ಷದ ಮಗು ಆಗ. ಹೋಗ್ತಾ ಬರ್ತಾ ಕೇಳೋಳು, ಅಪ್ಪಾ ಅಲ್ಲಿ ಯಾರಿದ್ರು, ಏನು ತಿಂತಿದ್ರಿ ಅಂತ. ರೊಟ್ಟಿಯವನ ಬಗ್ಗೆ ಹೇಳಿದೆ. ಹಿಡ್ಕೊಂಡು ಹೋದ್ರು ಅನ್ನೋ ತನಕ ಹೇಳ್ಬಿಟ್ಟೆ, ಬಾಯಿ ಜಾರಿ. ಅವಳು ಕೇಳಿದ್ಲು, “ರೊಟ್ಟಿಯವನು ಮನೆಗೆ ಬಂದ್ನಾ ಅಪ್ಪ?” ನೀನಾಗಿದ್ರೆ ಏನು ಹೇಳ್ತಿದ್ದೆ? ಹೇಳು ನೋಡೋಣ. ಬಂದ ಅಂದೆ. ಯಾರು ಬಿಡಿಸಿದ್ರು ಅಂದ್ಲು. ನಾನೇ ಅಂದೆ. ಅಷ್ಟೇ ಆಗಿದ್ದು. ಅವಳು ಸ್ಕೂಲಲ್ಲಿ ಹೇಳಿದ್ಲು, ಟೀಚರು ನನ್ನನ್ನ ಕರೆಸಿದ್ರು. ಇದೇ ನೋರೀನ್ ಲ್ಯಾಲಿ. ಮಕ್ಕಳ ಮುಂದೆ ನಿಂತು ಹೇಳಿದೆ. ಆಮೇಲೆ ಪಾದ್ರಿ, ಆಮೇಲೆ ಪೇಪರಿನೋರು. ಪ್ರತಿ ಸಲ ಹೇಳಿದಾಗ್ಲೂ ಐದು ನಿಮಿಷ ಹೆಚ್ಚಾಗ್ತಾ ಹೋಯ್ತು. ಮೊದಲು ಐದು ನಿಮಿಷ ನಿಂತಿದ್ದೆ ನಾನು ಕಂಬದ ಮುಂದೆ. ಈಗ ಇಪ್ಪತ್ತು.

ಅವಳು ಈಗ ಲೆಫ್ಟಿನೆಂಟು. ಸಮವಸ್ತ್ರದೋರು ಇಂಥ ಸಭೆಗೆ ಬರೋ ಹಾಗಿಲ್ಲ, ಅದಕ್ಕೇ ಹೊರಗೆ ಕಾರಲ್ಲಿ ಪೇಪರ್ ಓದ್ತಾ ಕೂತಿದಾಳೆ, ನನ್ನ ಕರ್ಕೊಂಡು ಹೋಗೋಕೆ. ಬರೋ ತಿಂಗಳು ಅದೇ ಬೆಟ್ಟಗಳಿಗೆ ಹೊರಡ್ತಾಳೆ. ಸೈನ್ಯ ಸೇರುವಾಗ ಸಂದರ್ಶನದಲ್ಲಿ ಯಾಕೆ ಸೇರ್ತೀಯಾ ಅಂತ ಕೇಳಿದ್ರಂತೆ. ಏನು ಹೇಳಿದ್ಲು ಅಂತ ನಾನು ನಿನಗೆ ಹೇಳ್ಬೇಕಾಗಿಲ್ಲ.

ಇನ್ನೊಂಚೂರು ಟೀ ಹಾಕ್ಲಾ? ಆ ಲೋಟ ಮುಟ್ಟೇ ಇಲ್ಲ ನೀನು.

ನಮ್ಮ ಕೈಯಲ್ಲಿ ಏನಿತ್ತು ಹೇಳು. ಅವತ್ತಿನ ಅಪ್ಪಣೆ ಹಾಗಿತ್ತು. ನಾವು ಯಾರ ಕಡೆಗೂ ಅಲ್ಲ. ನಮ್ಮ ಮೇಲೆ ಗುಂಡು ಹಾರಿದ್ರೆ ಮಾತ್ರ ಗುಂಡು. ರೇಡಿಯೋದಲ್ಲಿ ಬಿಡಿ ಅಂತ ಬಂತು, ಬಿಟ್ವಿ. ಇಪ್ಪತ್ತಾರು ವರ್ಷದ ಕಾರ್ಪೊರಲ್ಲು, ನಾಲ್ಕು ಜನ ಹುಡುಗರು, ಆ ಕಡೆ ಹದಿನಾಲ್ಕು ಬಂದೂಕು. ಮೇಲಿನೋರು ಬಿಡಿ ಅಂದ್ರೆ ಬಿಡ್ಬೇಕು. ಇಲ್ಲಾ ಅಂತೀಯಾ? ನಾನು ಮನೆಗೆ ಬಂದು ಕಥೆ ಕಟ್ಟಿದ್ದು ತಪ್ಪು, ಒಪ್ಕೋತೀನಿ. ಆದ್ರೆ ಅವತ್ತು ಮಾಡಿದ್ದು ಅಪ್ಪಣೆ ಪ್ರಕಾರ. ಈ ಪೀಡರ್‌ಗೂ ನೋರೀನಳಿಗೂ ಇವತ್ತು ಸ್ಟೇಜ್ ಮೇಲೆ ಬೇಕಾದ್ರೆ ಹಾಗೇ ಹೇಳ್ತೀನಿ. ಕೇಳ್ರಪ್ಪ, ತಟಸ್ಥ ಅಂದ್ರೆ ಇದೇ, ಶಾಂತಿ ಕಾಯೋದು ಅಂದ್ರೆ ಇದೇ, ಕಂಬ ಎತ್ತು ಅಂದಾಗ ಎತ್ತೋದು. ಬೀಗ ಒಂದಿದ್ರೂ ಅಷ್ಟೆ, ಮೂರಿದ್ರೂ ಅಷ್ಟೆ. ಹೇಳ್ಲಾ? ಹೇಳಿದ್ರೆ ಸಮಾಧಾನ ಆಗುತ್ತಾ ನಿನಗೆ?

ಯಾಕೆ ಬೇಡ ಅಂತ ತಲೆ ಆಡಿಸ್ತೀಯ.

ಅದಕ್ಕಲ್ವಾ ಬಂದಿದ್ದು ನೀನು? ಮತ್ತೆ ಯಾತಕ್ಕೆ?

ಓ.

ಹೂಂ. ಅದೂ ಇದೆ.

ನಿನ್ನ ಕೋಟಿನ ಮೇಲೆ ಬೆರಳಿಟ್ಟು ತೋರಿಸ್ತಿದೀಯಲ್ಲ, ಆ ಪಿನ್ನು ಬಾಗಿಲಲ್ಲೇ ನೋಡಿದೆ ನಾನು. ಇನ್ನೂ ಹಾಕ್ಕೋತೀಯಾ ಅದನ್ನ… ಜನ್ಮದಲ್ಲಿ ಕುಡಿಯಲ್ಲ ಅಂತ ಚಿಕ್ಕ ವಯಸ್ಸಲ್ಲೇ ಆಣೆ ಮಾಡಿದೋರ ಪಿನ್ನು. ನಮ್ಮ ತುಕಡೀಲಿ ಅದು ನಿನ್ನೊಬ್ಬನ ಹತ್ರಾನೇ ಇದ್ದಿದ್ದು. ಶರ್ಟಿನ ಒಳಗಡೆ ಚುಚ್ಚಿಕೊಳ್ತಿದ್ದೆ, ನಾವು ಗೇಲಿ ಮಾಡ್ತೀವಿ ಅಂತ. ನಿಮ್ಮಮ್ಮನೂ ಅಂಥದ್ದೇ ಪಿನ್ನು ಹಾಕ್ಕೊಂಡು ಚರ್ಚಿಗೆ ಬರೋರು. ನೀನು ವಾಪಸ್ ಬಂದ್ಮೇಲೆ ಅವರು ಮುಂದಿನ ಸಾಲಲ್ಲಿ ಕೂರೋದು ಬಿಟ್ರು. ಹಿಂದೆ, ಕಂಬದ ಮರೇಲಿ ಕೂರೋರು. ಅವರ ಮಣ್ಣಿಗೆ ಹೋಗಿದ್ದೆ ನಾನು. ನೀನು ಬಂದಿರ್ಲಿಲ್ಲ. ಬರೋ ಹಾಗಿರ್ಲಿಲ್ಲ ಅಂತ ಅಂದ್ಕೊಂಡೆ. ಕೆಲಸದ ಮೇಲೆ ಕುಡಿದು ಸೈನ್ಯದಿಂದ ಹೊರಬಿದ್ದ ಮಗ… ಊರಿಗೆ ಬಂದು ಯಾರ ಮುಖ ನೋಡ್ತಾನೆ.

ಹಾಗೆ ನೋಡ್ಬೇಡ ನನ್ನ. ಹೌದು, ನಾನೇ ಬರೆದಿದ್ದು. ವರದೀಲಿ ಬರೆದೆ, ವಿಚಾರಣೇಲಿ ಹೇಳಿದೆ. ಸೈನಿಕ ಮ್ಯಾನಿಯನ್ ಆ ಬೆಳಿಗ್ಗೆ ಕುಡಿದಿದ್ದ ಅಂತ. ಅರಕ್ ಸಾರಾಯಿ ಬಾಟಲಿ ನಿನ್ನ ಹಾಸಿಗೆ ಕೆಳಗೆ ಸಿಕ್ತು ಅಂತ. ಅದು ನನ್ನ ಬಾಟಲಿ. ಊರಿನ ಅಂಗಡೀಲಿ ನಾನೇ ಕೊಂಡಿದ್ದು. ಅಲ್ಲಿ ಇಟ್ಟೋನೂ ನಾನೇ. ಆಯ್ತಾ? ಕೇಳಿಸ್ತಾ? ಹೇಳಿದೆ. ಒಬ್ಬರ ಮುಂದೇನಾದ್ರೂ ಹೇಳಿದೆ.

ಯಾಕೆ ಅಂತೀಯಾ… ಯಾಕೆ ಅಂತ ನೀನು ಕೇಳಲ್ಲ. ಗೊತ್ತಿರೋದ್ರಿಂದ ಕೇಳಲ್ಲ.

ಸರಿ, ನಾನೇ ಹೇಳ್ತೀನಿ. ರೊಟ್ಟಿಯವನ ಹೆಣ ಸಿಕ್ಕಿದ್ಮೇಲೆ ಕೇಳಿದ್ರಲ್ಲ, ಯಾರ ಅಪ್ಪಣೆ ಮೇಲೆ ಬಿಟ್ರಿ ಅಂತ. ರೇಡಿಯೋದಲ್ಲಿ ಬಂತು ಅಂದೆ. ನಮ್ಮ ಕಟ್ಟೆಯ ದಾಖಲೆ ಪುಸ್ತಕ ತೆಗೆದು ನೋಡಿದ್ರು, ಅದ್ರಲ್ಲಿ ಅಂಥ ಸಾಲಿಲ್ಲ. ಮೇಲಿನ ಕ್ಯಾಂಪಿನ ಪುಸ್ತಕ ನೋಡಿದ್ರು, ಅಲ್ಲೂ ಏನೂ ತಿಳೀಲಿಲ್ಲ. ಆ ಬೆಳಿಗ್ಗೆ ಐದಾರು ಕಡೆ ಷೆಲ್ ಬೀಳ್ತಿತ್ತು, ಎಲ್ಲ ಕಟ್ಟೆಯೋರೂ ಒಂದೇ ಸಲ ಕೂಗಾಡ್ತಿದ್ರು, ಯಾರು ಯಾರಿಗೆ ಏನು ಅಂದ್ರು ಅಂತ ಯಾರಿಗೂ ನೆನಪಿಲ್ಲ. ಹಾಗಾದ್ರೆ ನಿಮ್ಮ ಪುಸ್ತಕದಲ್ಲಿ ಯಾಕೆ ಬರೆದಿಲ್ಲ ಅಂದ್ರು. ರೇಡಿಯೋ ಮುಂದೆ ಕೂತಿದ್ದೋನು ಕುಡಿದಿದ್ದ, ಅದಕ್ಕೇ ಬರೀಲಿಲ್ಲ ಅಂದೆ. ಅವರಿಗೂ ಅದು ಸುಲಭ ಆಯ್ತು. ಎರಡು ವಾರಕ್ಕೆ ನಿನ್ನನ್ನ ವಿಮಾನ ಹತ್ತಿಸಿದ್ರು. ನಾನು ಮುಂದಿನ ವರ್ಷ ಸಾರ್ಜೆಂಟ್ ಆದೆ.

ನೀನು ಯಾಕೆ ಬಾಯಿ ಬಿಡ್ಲಿಲ್ಲ ಅವತ್ತು? ವಿಚಾರಣೇಲಿ ನಿನ್ನನ್ನೂ ಕೇಳಿದ್ರಲ್ಲ. ಕುಡಿದಿರ್ಲಿಲ್ಲ ಅಂದೆ, ಅಷ್ಟೇ ಅಂದೆ. ನನ್ನ ಬಗ್ಗೆ ಒಂದು ಮಾತು ಆಡ್ಲಿಲ್ಲ. ನಾನು ಬಾಗಿಲಾಚೆ ನಿಂತು ಕಾಯ್ತಿದ್ದೆ, ಈಗ ಹೇಳ್ತಾನೆ, ಈಗ ಹೇಳ್ತಾನೆ ಅಂತ. ಹೇಳಿದ್ರೆ ಒಳ್ಳೇದಾಗ್ತಿತ್ತು ಅಂತ ಆಮೇಲೆ ಎಷ್ಟೋ ಸಲ ಅನ್ನಿಸಿದೆ. ನನಗೆ ಮನೇಲಿ ಬಸುರಿ ಹೆಂಡ್ತಿ ಇದ್ಲು ಅಂತಾನಾ? ಹೊಟ್ಟೇಲಿದ್ದಿದ್ದು ಗ್ರಾನ್ಯಾನ ಅಣ್ಣ. ಉಳೀಲಿಲ್ಲ ಆ ಮಗು. ಅದಕ್ಕೇನಾ ಸುಮ್ನಿದ್ದಿದ್ದು? ಹೇಳಪ್ಪ. ಬೈಯ್ಯಿ ಬೇಕಾದ್ರೆ.

ಇಲ್ಲ, ನೀನು ಬೈಯ್ಯಲ್ಲ.

ತಾಳು ಪೀಡರ್, ಹತ್ತು ನಿಮಿಷ. ಹಳೇ ಸ್ನೇಹಿತರು ಬಂದಿದಾರೆ. ಹೌದು, ಲೆಬನಾನಲ್ಲಿ ಜೊತೇಲಿದ್ದೋರು. ಸ್ಟೇಜ್ ಮೇಲಾ? ಅದೆಲ್ಲ ಆಮೇಲೆ ನೋಡೋಣ, ಹೋಗು.

…ನಿನ್ನನ್ನೂ ಸ್ಟೇಜ್ ಮೇಲೆ ಕೂರಿಸ್ತಾನಂತೆ. ಇನ್ನೊಂದು ಕುರ್ಚಿ ತರಿಸ್ತಾನಂತೆ.

ಜಾರ್ಲತ್, ನಾನು ಒಂದು ಮಾತು ಕೇಳ್ತೀನಿ. ಸ್ವಲ್ಪ ಹತ್ರ ಬಾ, ಹಾಲಲ್ಲಿ ಗಲಾಟೆ. ಬಾಟಲಿ ವಿಷಯ ಸುಳ್ಳು, ಒಪ್ಕೊಂಡೆ. ರೊಟ್ಟಿಯವನು ವಾಪಸ್ ಬಂದ ಅನ್ನೋದು ಸುಳ್ಳು, ಒಪ್ಕೊಂಡೆ. ಆದ್ರೆ ಆ ಅಪ್ಪಣೆ… ಅದನ್ನ ನಾನು ಕೇಳಿದೀನಿ ಕಣೋ. ಈ ಕಿವೀಲಿ ಕೇಳಿದೀನಿ. ನಮ್ಮ ಕಾರ್ಕ್ ಜಿಲ್ಲೆ ಕಡೆಯೋರ ದನಿ, ಸ್ವಲ್ಪ ಒಡೆದ ದನಿ, “ಬಿಡಿ, ಹೋಗ್ಲಿ” ಅಂತ. ಮೂವತ್ತೊಂಬತ್ತು ವರ್ಷದಿಂದ ಕೇಳ್ತಾನೇ ಇದೀನಿ. ಸ್ನಾನ ಮಾಡುವಾಗ ಕೇಳಿಸುತ್ತೆ, ಕಾರ್ ಓಡಿಸುವಾಗ ಕೇಳಿಸುತ್ತೆ. ಕಂಬದ ಹತ್ರ ನಾನಿದ್ದೆ, ಕಟ್ಟೆಯ ಗುಡಿಸಲ ಬಾಗಿಲು ತೆರೆದಿತ್ತು, ಒಳಗೆ ರೇಡಿಯೋ ಗರಗರ ಅಂತಿತ್ತು, ಯಾರೋ ಮಾತಾಡ್ತಿದ್ರು. ಯಾರೋ ಏನೋ ಅಂದ್ರು. ನಮಗೆ ಅಲ್ಲದೇ ಇರಬಹುದು. ಬೇರೆ ಕಟ್ಟೆಯೋರಿಗೆ ಅಂದಿದ್ದೇ ಇರಬಹುದು. ಆದ್ರೆ ಅಂದ್ರು. ಅಲ್ವಾ? ಹೆಡ್‌ಫೋನು ಕಿವಿಗೆ ಸಿಕ್ಕಿಸಿಕೊಂಡಿದ್ದೋನು ನೀನು. ಕೇಳಿಸ್ಕೊಂಡೋನು ನೀನೊಬ್ಬನೇ. ಬೇರೆ ಏನೂ ಕೇಳಲ್ಲ ನಿನ್ನ ಹತ್ರ. ಬೈಬೇಡ, ಕ್ಷಮಿಸ್ಬೇಡ, ಸ್ಟೇಜ್ ಮೇಲೆ ಬಂದು ನನ್ನ ಮಾನ ಕಳೀ ಬೇಕಾದ್ರೆ. ಅದೊಂದು ಹೇಳು. ಬಂತು ಅಲ್ವಾ? ಅರ್ಧ ಮಾತಾದ್ರೂ?

ಜಾರ್ಲತ್.

ಹೂಂ ಅಂತ ತಲೆ ಆಡಿಸಿದ್ರೂ ಸಾಕು.

…

ಇಲ್ಲ, ಅಲ್ವಾ.

ಏನೂ ಬರಲಿಲ್ಲ.

ನೀನು ಇನ್ನೂ ಕೂಗ್ತಾ ಇದ್ದೆ ರೇಡಿಯೋದಲ್ಲಿ. ಮೇಲಿನ ಕ್ಯಾಂಪನ್ನ ಕರೀತಾ ಇದ್ದೆ. ಬಾಗಿಲಿಂದ ಕೈ ಹೊರಗೆ ಹಾಕಿ, ತಾಳು, ತಾಳು ಅಂತ ನನಗೆ ಸನ್ನೆ ಮಾಡ್ತಿದ್ದೆ. ನಾನು ನೋಡಿದೆ ಆ ಕೈಯನ್ನ. ನೋಡಿಯೂ ಕಂಬ ಎತ್ತಿದೆ. ಆ ಕಾರಿನೋನು ಹಾರ್ನ್ ಹೊಡೆದ ಅಷ್ಟೆ, ಎರಡು ಸಲ. ಬಂದೂಕು ಕೂಡ ತೋರಿಸಿರ್ಲಿಲ್ಲ ಇನ್ನೂ. ಐದು ನಿಮಿಷಾನೂ ಇಲ್ಲ, ಇಪ್ಪತ್ತು ನಿಮಿಷಾನೂ ಇಲ್ಲ. ಎರಡು ಹಾರ್ನು. ಕಾರು ದಾಟುವಾಗ ಮುನೀಫ್ ನನ್ನ ಹೆಸರು ಹಿಡಿದು ಕರೆದ. ಅವನಿಗೆ ಫರ್ಗಸ್ ಅನ್ನೋಕೆ ಬರ್ತಿರ್ಲಿಲ್ಲ, ಫರ್ಗೂಸ್ ಅಂತಿದ್ದ. ಹಾಗೇ ಕರೆದ.

ಇದೋ, ಮತ್ತೆ ಬಂದ ಪೀಡರ್. ಇಲ್ಲಪ್ಪ, ಈಗಲೇ ಬರೋಕಾಗಲ್ಲ. ಕಾಯ್ಲಿ ಅವರು. ನೋರೀನಳಿಗೂ ಹೇಳು. ನೀನು ಒಂದು ಕೆಲಸ ಮಾಡು, ಹೊರಗೆ ಕಾರಲ್ಲಿ ನನ್ನ ಮಗಳು ಕೂತಿದಾಳೆ, ಅವಳನ್ನ ಒಳಗೆ ಕಳಿಸು. ಹೌದು, ಈ ಅಡಿಗೆಮನೆಗೇ. ಸಭೆಗಲ್ಲ, ಅಪ್ಪ ಕರೀತಿದಾನೆ ಅಂತ ಹೇಳು.

…ಇಲ್ಲ, ನೀನು ಏಳ್ಬೇಡ ಜಾರ್ಲತ್. ಕೂತಿರು. ನೀನು ಎದುರಿಗೆ ಕೂತಿದ್ರೇನೇ ನಾನು ಅವಳಿಗೆ ಸರಿಯಾಗಿ ಹೇಳೋದು.